ಫ್ರೀ ಏಜೆಂಟ್

ಅಮೆರಿಕದ ಬೇಸ್‌ಬಾಲ್‌ನಲ್ಲಿ, ಒಪ್ಪಂದ ಮುಗಿದು ಯಾವ ತಂಡದೊಡನೆಯಾದರೂ ಮಾತುಕತೆ ನಡೆಸುವ ಹಕ್ಕು ಪಡೆದ ಆಟಗಾರನನ್ನು ‘ಫ್ರೀ ಏಜೆಂಟ್’ ಎನ್ನುತ್ತಾರೆ. ಇಲ್ಲಿ ‘ಏಜೆಂಟ್’ ಎಂದರೆ ಕನ್ನಡದಲ್ಲಿ ರೂಢಿಯಾಗಿರುವ ದಲ್ಲಾಳಿಯಲ್ಲ. ‘ಮಾಡು’ ಎಂಬರ್ಥವೂ ಉಳ್ಳ ಲ್ಯಾಟಿನ್ ಧಾತುವಿನಿಂದ ಬಂದ ಈ ಪದದ ಮೂಲಾರ್ಥ ಕರ್ತೃ, ಮತ್ತು ಕರ್ತೃವನ್ನು ಸ್ವತಂತ್ರನೆಂದೇ ನಿರೂಪಿಸುವ ಪಾಣಿನಿಯ ವ್ಯಾಕರಣವನ್ನು ಬಲ್ಲವರಿಗೆ ಈ ಜೋಡಣೆ ಅಪರಿಚಿತವೆನಿಸದು. 1879ರಲ್ಲಿ ಆರಂಭವಾದ ‘ರಿಸರ್ವ್’ ನಿಯಮ, ಅಂದರೆ ಒಪ್ಪಂದ ತೀರಿದ ಮೇಲೂ ಆಟಗಾರನ ಮೇಲಿನ ಹಕ್ಕನ್ನು ತಂಡವೇ ಉಳಿಸಿಕೊಳ್ಳುವ ಕಟ್ಟಳೆ, ಈ ಸ್ವಾತಂತ್ರ್ಯವನ್ನು ದೀರ್ಘಕಾಲ ಅನ್ಯಾಯವಾಗಿ ತಡೆದಿತ್ತು. ಅದನ್ನು ಪ್ರಶ್ನಿಸಿದ ಆಟಗಾರ ಕರ್ಟ್ ಫ್ಲಡ್ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತರೂ, 1975ರ ಡಿಸೆಂಬರಿನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ನೀಡಿದ ತೀರ್ಪು ಆ ಕಟ್ಟನ್ನು ಸಡಿಲಿಸಿತು. ಇಂದು ಅಗ್ರಶ್ರೇಣಿಯ ಮೇಜರ್ ಲೀಗ್‌ನಲ್ಲಿ ಆರು ವರ್ಷಗಳ ಸೇವೆ ಪೂರೈಸಿದವನು, ಒಪ್ಪಂದ ಮುಗಿದಿದ್ದರೆ, ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಕೊನೆಗೊಂಡೊಡನೆ ಫ್ರೀ ಏಜೆಂಟ್ ಆಗುತ್ತಾನೆ.