ಮಿದುಳಿನ ಗಡ್ಡೆ ಮತ್ತು ಪೂರಕ ಆರೈಕೆ: ಒಂದು ಚಾರಿತ್ರಿಕ ಅವಲೋಕನ

ಮಿದುಳಿನ ಗಡ್ಡೆಯ ಚಿಕಿತ್ಸೆಯ ಇತಿಹಾಸವನ್ನು ಸಾಮಾನ್ಯವಾಗಿ ಶಸ್ತ್ರವೈದ್ಯರ ಸಾಧನೆಗಳ ಇತಿಹಾಸವೆಂದೇ ನಿರೂಪಿಸಲಾಗುತ್ತದೆ. ಶಸ್ತ್ರಕ್ರಿಯೆಯ ತರುವಾಯ ರೋಗಿಯು ಹೇಗೆ ನಡೆದ, ಏನನ್ನು ಉಂಡ, ಯಾವ ನೋವನ್ನು ಸಹಿಸಿದ ಎಂಬ ಸಂಗತಿಗಳಿಗೆ ಅದರಲ್ಲಿ ದೊರೆತ ಸ್ಥಾನ ಅತ್ಯಲ್ಪ. ವ್ಯಾಯಾಮ, ಪೋಷಣೆ ಮತ್ತು ಉಪಶಾಮಕ ಆರೈಕೆ ಎಂಬ ಮೂರು ಧಾರೆಗಳು ಬೇರೆ ಬೇರೆ ನೆಲೆಗಳಲ್ಲಿ ಹುಟ್ಟಿ ಈ ರೋಗದ ಚಿಕಿತ್ಸೆಯೊಡನೆ ಕೂಡಿಕೊಂಡ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲಿಯವರು ರೋಗಿಯೊಬ್ಬನ ಮಿದುಳಿನಿಂದ ಗ್ಲಿಯೊಮಾ ಗಡ್ಡೆಯನ್ನು ಹೊರತೆಗೆದರು. ಗಡ್ಡೆಯ ನೆಲೆಯನ್ನು ಅಲೆಕ್ಸಾಂಡರ್ ಹ್ಯೂಸ್ ಬೆನೆಟ್ ಅವರು ಕೇವಲ ದೈಹಿಕ ಲಕ್ಷಣಗಳ ಆಧಾರದಿಂದ ಗುರುತಿಸಿದ್ದರು. ಆದರೆ ಸುಮಾರು ನಾಲ್ಕು ವಾರಗಳಲ್ಲಿ ಆ ರೋಗಿ ಸೋಂಕಿನಿಂದ ಮೃತನಾದ. ಶಸ್ತ್ರಕ್ರಿಯೆ ಸಫಲವಾದರೂ ಅನಂತರದ ದಿನಗಳು ರೋಗಿಯನ್ನು ಉಳಿಸಿಕೊಳ್ಳಲಿಲ್ಲ. ಅಮೆರಿಕದ ಹಾರ್ವೆ ಕುಶಿಂಗ್ ಅವರು 1911ರಲ್ಲಿ ಬೆಳ್ಳಿಯ ಕ್ಲಿಪ್ಪನ್ನೂ 1926ರಲ್ಲಿ ವಿದ್ಯುತ್ ಶಸ್ತ್ರಕ್ರಮವನ್ನೂ ಬಳಕೆಗೆ ತಂದು ರಕ್ತಸ್ರಾವವನ್ನು ಹತೋಟಿಗೆ ತಂದ ಮೇಲೆ ಬದುಕುಳಿಯುವವರ ಸಂಖ್ಯೆ ಹೆಚ್ಚಿತು. ಬದುಕುಳಿದವರು ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆಯೂ ಇದರೊಡನೆಯೇ ಹುಟ್ಟಿತು. 1940ರ ದಶಕದ ಕೊನೆಯಲ್ಲಿ ಡೇವಿಡ್ ಕಾರ್ನಾಫ್‌ಸ್ಕಿ ಮತ್ತು ಸಹೋದ್ಯೋಗಿಗಳು ರೂಪಿಸಿದ 0ರಿಂದ 100ರವರೆಗಿನ ಮಾಪನವು ಕ್ಯಾನ್ಸರ್ ರೋಗಿಯ ದೈನಂದಿನ ಸಾಮರ್ಥ್ಯವನ್ನು ಅಳೆಯಲು ಮಾಡಿದ ಮಹತ್ವದ ಪ್ರಯತ್ನ.

1961ರಲ್ಲಿ ಗ್ಯಾಲಿಸಿಚ್ ಮತ್ತು ಫ್ರೆಂಚ್ ಅವರು ಡೆಕ್ಸಾಮೆಥಾಸೋನ್ ಔಷಧವು ಗಡ್ಡೆಯ ಸುತ್ತಲಿನ ಊತವನ್ನು ತಗ್ಗಿಸುವುದೆಂದು ವರದಿ ಮಾಡಿದರು. ಇದರಿಂದ ತಲೆನೋವು, ವಾಂತಿಗಳು ಶೀಘ್ರವಾಗಿ ಶಮನಗೊಂಡವು. ಆದರೆ ದೀರ್ಘಕಾಲ ಬಳಸಿದಾಗ ತೊಡೆಯ ಸ್ನಾಯುಗಳು ಕೃಶವಾಗಿ, ಕುಳಿತವರು ಏಳಲಾರದ ಸ್ಥಿತಿ ಉಂಟಾಗುತ್ತದೆ. ಹಸಿವು ಮತ್ತು ರಕ್ತದ ಸಕ್ಕರೆ ಏರುತ್ತವೆ. ಹೀಗೆ ವ್ಯಾಯಾಮ ಮತ್ತು ಆಹಾರಕ್ರಮಗಳ ಅಗತ್ಯವು ಭಾಗಶಃ ಚಿಕಿತ್ಸೆಯ ಒಡಲಿನಿಂದಲೇ ಮೂಡಿತೆಂಬುದು ಗಮನಾರ್ಹ.

ಕ್ಯಾನ್ಸರ್ ರೋಗಿಗೆ ವಿಶ್ರಾಂತಿಯೇ ಹಿತವೆಂಬ ಅಭಿಪ್ರಾಯ ಬಹುಕಾಲ ಪ್ರಬಲವಾಗಿತ್ತು. 1969ರಲ್ಲಿ ಡೀಟ್ಸ್ ಅವರು ಕ್ಯಾನ್ಸರ್ ಪುನಶ್ಚೇತನವನ್ನು ನಿರೋಧಕ, ಪುನಃಸ್ಥಾಪಕ, ಪೂರಕ, ಉಪಶಾಮಕ ಎಂದು ವಿಂಗಡಿಸಿದರು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮರುಕಳಿಸಿದ ಗ್ಲಿಯೊಮಾ ಇದ್ದ 243 ಮಂದಿಯನ್ನು ಪರಿಶೀಲಿಸಲಾಯಿತು. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯುವುದಕ್ಕೆ ಸಮನಾದ ಅಥವಾ ಅದಕ್ಕೂ ಹೆಚ್ಚಿನ ವ್ಯಾಯಾಮ ಮಾಡುತ್ತಿದ್ದವರು ಹೆಚ್ಚು ಕಾಲ ಬದುಕಿದ್ದು ಕಂಡುಬಂದಿತು. ಆದರೆ ನಡೆಯಬಲ್ಲವರ ರೋಗವೇ ಸೌಮ್ಯವಾಗಿದ್ದಿರಬಹುದಾದುದರಿಂದ ಇದನ್ನು ಕಾರ್ಯಕಾರಣ ಸಂಬಂಧವೆಂದು ಭಾವಿಸಲಾಗದು.

ಪೋಷಣೆಯ ಧಾರೆಯಲ್ಲಿ ಆಶಯ ಮತ್ತು ಪ್ರಮಾಣಗಳ ನಡುವಿನ ಅಂತರ ಇನ್ನೂ ಸ್ಪಷ್ಟ. ಗಡ್ಡೆಯ ಕೋಶಗಳು ಗ್ಲುಕೋಸನ್ನು ವಿಪರೀತವಾಗಿ ಬಳಸುತ್ತವೆಂದು ಒಟ್ಟೋ ವಾರ್‌ಬರ್ಗ್ 1920ರ ದಶಕದಲ್ಲಿ ತೋರಿಸಿದ್ದರು. ಮೂರ್ಛೆರೋಗಕ್ಕೆಂದು ರಸೆಲ್ ವೈಲ್ಡರ್ 1921ರಲ್ಲಿ ಸೂಚಿಸಿದ ಕೀಟೋಜನಿಕ್ ಆಹಾರವನ್ನು 1995ರಲ್ಲಿ ಪ್ರಕಟವಾದ ವರದಿಯೊಂದರಂತೆ ಗಡ್ಡೆಯಿದ್ದ ಇಬ್ಬರು ಮಕ್ಕಳಿಗೆ ನೀಡಿ ನೋಡಲಾಯಿತು. 2014ರ ಜರ್ಮನಿಯ ಪ್ರಯೋಗದಲ್ಲಿ 20 ಮಂದಿಗೆ ಈ ಆಹಾರ ನೀಡುವುದು ಸಾಧ್ಯವೆಂದು ತಿಳಿಯಿತು. ಆದರೆ ಅದೊಂದೇ ರೋಗವನ್ನು ತಡೆಯಲಿಲ್ಲ. ಸಾಕಷ್ಟು ಪ್ರೋಟೀನು, ನುಂಗುವ ಶಕ್ತಿಗೆ ತಕ್ಕ ಮೃದು ಆಹಾರ, ಸಕ್ಕರೆಯ ಹತೋಟಿ ಇವೇ ಇಂದಿಗೂ ಪೋಷಣೆಯ ಮುಖ್ಯ ಅಂಶಗಳಾಗಿವೆ.

1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ ತೆರೆದುದು ಮೂರನೆಯ ಧಾರೆಯ ಉಗಮ. ಐವತ್ತು ವರ್ಷಗಳ ಬಳಿಕ, 2017ರಲ್ಲಿ, ಯೂರೋಪಿನ ನರಗಂತಿ ವೈದ್ಯರ ಸಂಘವು ಗ್ಲಿಯೊಮಾ ರೋಗಿಗಳ ಉಪಶಾಮಕ ಆರೈಕೆಗೆಂದೇ ಮಾರ್ಗಸೂಚಿ ಪ್ರಕಟಿಸಿತು.

ಕರ್ನಾಟಕದಲ್ಲಿ ಈ ಧಾರೆಗಳಿಗೆ ಪ್ರತ್ಯೇಕ ನೆಲೆಗಳಿವೆ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1958ರಲ್ಲಿ ಡಾ. ಆರ್. ಎಂ. ವರ್ಮ ಅವರಿಂದ ನರಶಸ್ತ್ರಚಿಕಿತ್ಸೆ ಆರಂಭವಾಯಿತು. 1974ರಲ್ಲಿ ಆ ಸಂಸ್ಥೆಯು ನಿಮ್ಹಾನ್ಸ್ ಆಗಿ ರೂಪುಗೊಂಡಿತು. 1973ರಲ್ಲಿ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ ಸ್ಥಾಪನೆಯಾಯಿತು. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ 1999ರಲ್ಲಿ ಕರುಣಾಶ್ರಯವನ್ನು ಕಟ್ಟಿ ಉಚಿತ ಆರೈಕೆಗೆ ತೊಡಗಿತು. 2014ರ ಮಾದಕದ್ರವ್ಯ ಕಾಯಿದೆಯ ತಿದ್ದುಪಡಿಯು ಮಾರ್ಫಿನ್ ದೊರಕುವ ನಿಯಮಗಳನ್ನು ಸರಳಗೊಳಿಸಿತು.

2005ರಲ್ಲಿ ಪ್ರಕಟವಾದ ಸ್ಟುಪ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ವಿಕಿರಣದೊಡನೆ ಟೆಮೊಜೊಲೊಮೈಡ್ ನೀಡಿದಾಗ ಗ್ಲಿಯೊಬ್ಲಾಸ್ಟೋಮಾ ರೋಗಿಗಳ ಮಧ್ಯಾಂಕ ಜೀವಿತಾವಧಿ 12.1ರಿಂದ 14.6 ತಿಂಗಳಿಗೆ ಏರಿತು. ಈ ಪ್ರಗತಿಯು ಗಣನೀಯವೇ ಸರಿ. ಆದರೆ ಆ ತಿಂಗಳುಗಳನ್ನು ರೋಗಿಯು ತನ್ನ ಕಾಲ ಮೇಲೆ ನಿಂತು, ಹಿತವಾಗಿ ಉಂಡು, ನೋವಿಲ್ಲದೆ ಕಳೆಯುವನೇ ಎಂಬುದನ್ನು ನಿರ್ಧರಿಸುವಲ್ಲಿ ಪೂರಕ ಆರೈಕೆಯ ಪಾತ್ರ ಹಿರಿದು. ಅವಧಿ ಕಿರಿದಾದಷ್ಟೂ ಅದರ ಮೌಲ್ಯ ಹೆಚ್ಚುವುದರಿಂದ, ಇಂತಹ ಆರೈಕೆಯನ್ನು ಚಿಕಿತ್ಸೆ ಕೈಚೆಲ್ಲಿದ ಮೇಲಿನ ಉಪಚಾರವೆಂದಲ್ಲದೆ, ರೋಗನಿರ್ಣಯದ ದಿನದಿಂದಲೇ ತೊಡಗಬೇಕಾದ ಚಿಕಿತ್ಸೆಯ ಅಂಗವೆಂದು ಪರಿಗಣಿಸುವುದು ಉಚಿತ.