ಮಲೆನಾಡಿನ ವರಹವೂ ಕುಂಪಣಿಯ ರೂಪಾಯಿಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ಸೀಮೆಗಳ ಹಳೆಯ ಮನೆತನಗಳಲ್ಲಿ ಅಡಿಕೆ ತೋಟದ ಕ್ರಯಪತ್ರವೋ, ಭೋಗ್ಯಪತ್ರವೋ, ದೇವಾಲಯಕ್ಕೆ ಬಿಟ್ಟ ದತ್ತಿಯ ಕಾಗದವೋ ಇಂದಿಗೂ ಪೆಟ್ಟಿಗೆಯಲ್ಲಿ ಇರುವುದುಂಟು. ಅವುಗಳಲ್ಲಿ ಬೆಲೆಯು ವರಹ ಮತ್ತು ಹಣಗಳಲ್ಲಿ ಹೇಳಲ್ಪಟ್ಟಿರುತ್ತದೆ. ಓದುವವರು ವರಹಕ್ಕೆ ಮೂರೂವರೆ ರೂಪಾಯಿ ಎಂಬ ವಾಡಿಕೆಯ ಮಾತನ್ನು ನೆನೆದು, ಗುಣಿಸಿ, ತೃಪ್ತರಾಗುತ್ತಾರೆ. ಆದರೆ ವರಹವೆಂಬ ಹೆಸರು ಒಂದಾದರೂ ಅದರಿಂದ ಸೂಚಿತವಾಗುವ ವಸ್ತು ಒಂದಲ್ಲ. ಈ ಭೇದವನ್ನರಿಯದೆ ಮಾಡಿದ ಲೆಕ್ಕವು ಪೂರ್ವಿಕರ ಸ್ಥಿತಿಗತಿಗಳನ್ನು ಅನ್ಯಥಾ ತೋರಿಸುತ್ತದೆ.

ಈ ಪ್ರಾಂತವು ಕೆಳದಿಯ ನಾಯಕರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ ಇಕ್ಕೇರಿ ವರಹವು ನಡೆಯುತ್ತಿತ್ತು. ಅದರ ಮುಂಬದಿಯಲ್ಲಿ ಶಿವಪಾರ್ವತಿಯರ ಮೂರ್ತಿ, ಹಿಂಬದಿಯಲ್ಲಿ ನಾಗರ ಲಿಪಿಯಲ್ಲಿ ಶ್ರೀ ಸದಾಶಿವ ಎಂಬ ಅಕ್ಷರಗಳು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. ಜನರಿಗೆ ಪರಿಚಿತವಾದ ನಾಣ್ಯವನ್ನು ಕೆಡಿಸುವುದು ವ್ಯಾಪಾರಕ್ಕೆ ಹಾನಿಯೆಂಬುದನ್ನು ಅವನು ಬಲ್ಲವನಾಗಿದ್ದನು. ಆದುದರಿಂದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಒತ್ತಿಸಿದನು. ಇದೇ ಬಹಾದ್ದೂರಿ ವರಹ.

ಮೈಸೂರಿನ ಬೊಕ್ಕಸದ ಲೆಕ್ಕವಾದರೋ ಬೇರೆ. ಅಲ್ಲಿ ಕಂಠೀರವ ನರಸರಾಜ ಒಡೆಯರು (1638–1659) ಟಂಕಿಸಿದ ಚಿಕ್ಕ ಚಿನ್ನದ ನಾಣ್ಯವಾದ ಕಂಠೀರಾಯಿ ಹಣವೇ ಆಧಾರ. ಅಂಥ ಹತ್ತು ಹಣಗಳಿಗೆ ಒಂದು ಕಂಠೀರಾಯಿ ವರಹ. ಆದರೆ ಈ ವರಹವು ಕೈಯಲ್ಲಿ ಹಿಡಿಯತಕ್ಕ ನಾಣ್ಯವಲ್ಲ. ಕಡತದಲ್ಲಿ ಮಾತ್ರ ಇದ್ದ ಸಂಖ್ಯೆ. ಇವೆರಡಲ್ಲದೆ ಮದರಾಸಿನ ಕುಂಪಣಿಯವರ ನಕ್ಷತ್ರ ವರಹವೆಂಬುದು ಮೂರನೆಯದು. 1799ರ ಒಪ್ಪಂದದಲ್ಲಿ ಮೈಸೂರು ಸಂಸ್ಥಾನವು ವರ್ಷಕ್ಕೆ ಕೊಡತಕ್ಕ ಪೊಗದಿಯನ್ನು 7 ಲಕ್ಷ ನಕ್ಷತ್ರ ವರಹಗಳೆಂದು ನಿಷ್ಕರ್ಷಿಸಲಾಯಿತು. ಅದೇ ಮುಂದೆ 24,50,000 ರೂಪಾಯಿ ಎನಿಸಿತು. ಮೂರೂವರೆ ರೂಪಾಯಿಯ ಮಾತಿಗೆ ಆಧಾರವು ಇದು. 1818ರಲ್ಲಿ ಮದರಾಸಿನ ಸರಕಾರವು 100 ವರಹಕ್ಕೆ 350 ರೂಪಾಯಿಗಳೆಂದು ವಿಧಿಸಿ ಅದನ್ನು ಸ್ಥಿರಪಡಿಸಿತು.

ಇನ್ನು ಮೂರರ ತಾರತಮ್ಯವನ್ನು ನೋಡಬಹುದು. ಬಹಾದ್ದೂರಿ ವರಹಕ್ಕೆ 4 ರೂಪಾಯಿ. ನಕ್ಷತ್ರ ವರಹಕ್ಕೆ 3 ರೂಪಾಯಿ 8 ಆಣೆ. ಕಂಠೀರಾಯಿ ಹಣಕ್ಕೆ 4 ಆಣೆ 8 ಪೈ, ಎಂದರೆ ಆ ವರಹಕ್ಕೆ 2 ರೂಪಾಯಿ 14 ಆಣೆ 8 ಪೈ. ಹೀಗಿರಲು, ತೋಟವೊಂದರ ಪತ್ರದಲ್ಲಿ ನೂರು ವರಹವೆಂದು ಮಾತ್ರ ಇದ್ದರೆ ಅದು 400 ರೂಪಾಯಿಯೂ ಆಗಬಹುದು, 350 ಆಗಬಹುದು, 291 ರೂಪಾಯಿ 10 ಆಣೆ 8 ಪೈಯೂ ಆಗಬಹುದು. ನೂರಕ್ಕೂ ಮಿಕ್ಕ ರೂಪಾಯಿಗಳ ಅಂತರವು ಆ ಕಾಲದ ಕುಟುಂಬಕ್ಕೆ ಅಲ್ಪವಾದುದಲ್ಲ. ಆಗುಂಬೆಯ ಘಾಟಿಯನ್ನಿಳಿದು ಕರಾವಳಿಗೆ ಅಡಿಕೆಯನ್ನು ಒಯ್ದವನಿಗೂ, ಬಯಲುಸೀಮೆಯ ಪೇಟೆಗೆ ಒಯ್ದವನಿಗೂ ದೊರೆಯುತ್ತಿದ್ದ ನಾಣ್ಯಗಳು ಬೇರೆ ಬೇರೆ. ಸವೆದ ನಾಣ್ಯಕ್ಕೂ ಪರಸ್ಥಳದ ನಾಣ್ಯಕ್ಕೂ ಚಿನಿವಾರನು ವಟ್ಟವನ್ನು ಕಳೆಯುತ್ತಿದ್ದನು. ಸರಕಾರದ ದರವು ಒಂದು, ಕಟ್ಟೆಯ ದರವು ಮತ್ತೊಂದು.

ಹೆಸರಿನಿಂದ ಉಂಟಾಗುವ ಭ್ರಾಂತಿಗೆ ಶೃಂಗೇರಿಯ ಕಡತದಲ್ಲಿಯೇ ಉದಾಹರಣೆಯುಂಟು. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ಸೂರೆಮಾಡಿದ ಮೇಲೆ, ಶಾರದೆಯ ಪುನಃಪ್ರತಿಷ್ಠೆಗಾಗಿ ಟಿಪ್ಪು ಸುಲ್ತಾನನು 200 ರಾಹತಿ ನಗದನ್ನೂ 200 ರಾಹತಿಯ ಧಾನ್ಯವನ್ನೂ ಕೊಡುವಂತೆ ಬಿದನೂರಿನ ಆಸಫನಿಗೆ ಆಜ್ಞಾಪಿಸಿದನು. ರಾಹತಿಯು ಟಿಪ್ಪುವು ಚಿನ್ನದ ಹಣಕ್ಕೆ ಇಟ್ಟ ಹೆಸರು. ವರಹಕ್ಕೆ ಅವನು ಇಟ್ಟ ಹೆಸರು ಫಾರೂಕಿ. ರಾಹತಿಯನ್ನು ವರಹವೆಂದು ಭಾವಿಸಿದರೆ ದಾನವು ಹತ್ತುಪಟ್ಟು ಹಿಗ್ಗುವುದು. ದಾತನ ಔದಾರ್ಯವು ಸತ್ಯವಾದುದೇ. ಅದನ್ನು ಅಂಕಿಯ ತಪ್ಪಿನಿಂದ ಹೆಚ್ಚಿಸಬೇಕಾದುದಿಲ್ಲ.

1831ರಲ್ಲಿ ಕಮಿಷನರ ಆಡಳಿತವು ಬಂದ ಬಳಿಕ ಲೆಕ್ಕಗಳು ಕ್ರಮೇಣ ರೂಪಾಯಿಗೆ ತಿರುಗಿದುವು. ಮೈಸೂರಿನ ಟಂಕಶಾಲೆಯು 1843ರಲ್ಲಿ ಮುಚ್ಚಿಹೋಯಿತು. ಚಿನ್ನದ ಬಾಕಿಯು ಬೆಳ್ಳಿಯ ಬಾಕಿಯಾಯಿತು. ಆಗ ಯಾರಿಗೂ ನಷ್ಟವು ತೋರಲಿಲ್ಲ. 1835ರ ಕಾನೂನಿನಂತೆ ರೂಪಾಯಿಯಲ್ಲಿ 165 ಗ್ರೈನ್ ಶುದ್ಧ ಬೆಳ್ಳಿ. 15 ರೂಪಾಯಿಯ ಮೊಹರಿನಲ್ಲಿ ಅಷ್ಟೇ ತೂಕದ ಅಪರಂಜಿ. ಅಂದರೆ ರೂಪಾಯಿಗೆ 11 ಗ್ರೈನ್ ಚಿನ್ನ. ಆದರೆ 1870ರ ಅನಂತರ ಜರ್ಮನಿ ಮೊದಲಾದ ದೇಶಗಳು ಬೆಳ್ಳಿಯನ್ನು ಬಿಟ್ಟು ಚಿನ್ನವನ್ನು ಹಿಡಿದುವು, ಅಮೇರಿಕದ ಗಣಿಗಳಿಂದ ಬೆಳ್ಳಿಯು ಹೇರಳವಾಗಿ ಹೊರಬಂದಿತು, ಬೆಳ್ಳಿಯು ಅಗ್ಗವಾಯಿತು. 1893ರಲ್ಲಿ ಪ್ರಜೆಗಳು ತಂದ ಬೆಳ್ಳಿಯನ್ನು ಟಂಕಿಸಿಕೊಡುವುದು ನಿಂತಿತು. 1899ರಲ್ಲಿ 113 ಗ್ರೈನ್ ಅಪರಂಜಿಯುಳ್ಳ ಸವರನ್ನಿಗೆ 15 ರೂಪಾಯಿಯೆಂದು ಗೊತ್ತುಮಾಡಿದರು. ಆಗ ರೂಪಾಯಿಯ ಪಾಲಿಗೆ ಉಳಿದುದು ಏಳೂವರೆ ಗ್ರೈನ್ ಮಾತ್ರ.

ಇದರ ಫಲವು ಮಲೆನಾಡಿನ ಗುಡಿಗಳವರೆಗೂ ಮುಟ್ಟಿತು. ನಂದಾದೀಪಕ್ಕಾಗಿ ವರ್ಷಕ್ಕೆ ಹತ್ತು ಬಹಾದ್ದೂರಿ ವರಹವಿದ್ದುದು 40 ರೂಪಾಯಿಯ ತಸ್ತೀಕಾಗಿ ನಿಂತಿತೆಂದು ಭಾವಿಸಿದರೆ, 440 ಗ್ರೈನ್ ಚಿನ್ನದ ಬದಲು 300 ಗ್ರೈನಿನಷ್ಟು ಮಾತ್ರ ದೀಪಕ್ಕೆ ಸಲ್ಲುವುದಾಯಿತು. ಕಾಗದದಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ, ಕೊಡತಕ್ಕವನು ವಚನಭ್ರಷ್ಟನೆನಿಸಲಿಲ್ಲ, ಎಣ್ಣೆ ಮಾತ್ರ ಕಡಿಮೆಯಾಯಿತು. ಖಂಡುಗಗಳ ಲೆಕ್ಕದಲ್ಲಿ ಬತ್ತವನ್ನು ಬರೆಯಿಸಿದ್ದ ದತ್ತಿಗಳಿಗಾದರೋ ಈ ಕ್ಷಯವು ತಗಲಲಿಲ್ಲ. ಅಳತೆಯ ಬತ್ತವು ಯಾವ ದೊರೆತನದಲ್ಲಿಯೂ ಅಳತೆಯ ಬತ್ತವೇ.

ಆದುದರಿಂದ ಹಳೆಯ ಪತ್ರವನ್ನು ಓದುವವರು ಮೊದಲು ವರ್ಷವನ್ನು ನೋಡತಕ್ಕದ್ದು. ಶಕವರ್ಷಕ್ಕೆ 78ನ್ನು ಕೂಡಿದರೆ ಕ್ರಿಸ್ತವರ್ಷವು ಸ್ಥೂಲವಾಗಿ ದೊರೆಯುವುದು. ಬಳಿಕ ವರಹದ ಹಿಂದೆ ಇಕ್ಕೇರಿ, ಬಹಾದ್ದೂರಿ, ಕಂಠೀರಾಯಿ ಎಂಬ ವಿಶೇಷಣವಿದೆಯೇ ಎಂದು ಪರಿಶೀಲಿಸಬೇಕು. ಸ್ಥಳನಾಮವನ್ನೂ ಗಮನಿಸಬೇಕು, ನರಸಿಂಹರಾಜಪುರವು 1915ರವರೆಗೆ ಯಡೇಹಳ್ಳಿಯೆಂದೇ ಬರೆಯಲ್ಪಡುತ್ತಿತ್ತು. ವಿಶೇಷಣವಿಲ್ಲದೆಡೆ ಅದೇ ಮನೆಯ, ಅದೇ ಕಾಲದ ಬೇರೆ ಪತ್ರಗಳೊಡನೆ ಹೋಲಿಸಿ ನಿರ್ಣಯಿಸುವುದೇ ಯುಕ್ತ. ಅಲ್ಲಿಯವರೆಗೆ ವರಹವನ್ನು ವರಹವೆಂದೇ ಬರೆದಿಡುವುದು, ತಪ್ಪು ರೂಪಾಯಿಯಾಗಿ ಮಾರ್ಪಡಿಸುವುದಕ್ಕಿಂತ ಲೇಸು.