ಕಟ್ಟುವ ಹಗ್ಗ, ಕಾಯುವ ಕಣ್ಣು

ಮುಪ್ಪಿನಲ್ಲಿ ಪರರ ಕೈವಶವಾಗುವ ದೇಹದ ಕುರಿತು ಕರ್ತನು ಪೇತ್ರನಿಗೆ ನುಡಿದುದನ್ನು (ಯೋಹಾನ 21:18) ನಾವು ರಕ್ತಸಾಕ್ಷಿಯ ಮುನ್ಸೂಚನೆಯೆಂದೇ ಓದುತ್ತೇವೆ. ಆಸ್ಪತ್ರೆಯ ಮಂಚಕ್ಕೆ ಕಟ್ಟಲ್ಪಟ್ಟ ವೃದ್ಧರಿಗೆ ಅದು ಅಕ್ಷರಶಃ ಅನುಭವ.

ಈ ಕಟ್ಟುಗಳ ಇತಿಹಾಸವು ಪರಿಚಾರಕರ ಸಂಖ್ಯೆಯ ಇತಿಹಾಸವೂ ಹೌದು. 1838ರ ವೇಳೆಗೆ ಇಂಗ್ಲೆಂಡಿನ ಲಿಂಕನ್ ಮಾನಸಿಕ ಚಿಕಿತ್ಸಾಲಯದಲ್ಲಿ ರಾಬರ್ಟ್ ಗಾರ್ಡಿನರ್ ಹಿಲ್ ಅವರು ಬಂಧನಗಳನ್ನು ತೊಡೆದುಹಾಕಿದರು. ಬದಲಿಗೆ ಅವರು ಬೇಡಿದ್ದು ಸಾಕಷ್ಟು ಪರಿಚಾರಕರನ್ನು, ಹಗಲಿರುಳಿನ ಎಚ್ಚರವನ್ನು. 1839ರಲ್ಲಿ ಜಾನ್ ಕಾನಲಿ ಅವರು ಹ್ಯಾನ್‌ವೆಲ್‌ನಲ್ಲಿ ಅದೇ ಹಾದಿ ಹಿಡಿದರು. 1987ರ ಅಮೆರಿಕದ ಕಾನೂನು ಶುಶ್ರೂಷಾಗೃಹಗಳಲ್ಲಿ ಶಿಸ್ತಿಗಾಗಿ ಇಲ್ಲವೆ ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟುವುದನ್ನು ನಿಷೇಧಿಸಿತು. ಜೊತೆಗೇ ದಿನದ 24 ಗಂಟೆಯೂ ದಾದಿಯರಿರಬೇಕೆಂದು ವಿಧಿಸಿತು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಸಿಬ್ಬಂದಿಯ ಕೊರತೆಯೆಂಬ ಒಂದೇ ನೆವದಿಂದ ರೋಗಿಯನ್ನು ಕಟ್ಟಲಾಗದೆಂದು ಸಾರುತ್ತದೆ. ಆದರೆ ಅದರ ವ್ಯಾಪ್ತಿ ಮಾನಸಿಕ ಆರೋಗ್ಯ ಸಂಸ್ಥೆಗಳಷ್ಟೇ. ಸಾಮಾನ್ಯ ವಾರ್ಡಿನಲ್ಲಿ ಇರುಳು ಸನ್ನಿ ಹಿಡಿದು ಮೂಗಿನ ನಳಿಕೆ ಕೀಳುವ ಮುದುಕಿಯನ್ನು ಅದು ತಲುಪದು.

ಗೆತ್ಸೇಮನೆಯಲ್ಲಿ ಕರ್ತನು ಶಿಷ್ಯರಿಂದ ಬಯಸಿದ್ದು ಒಂದು ಗಳಿಗೆಯ ಎಚ್ಚರವನ್ನೇ. ಸಭೆಯ ಆಸ್ಪತ್ರೆಗಳ ಆಯವ್ಯಯಕ್ಕೆ ಒಪ್ಪಿಗೆ ನೀಡುವ ನಾವು ರಾತ್ರಿಪಾಳಿಗೆ ದಾದಿಯರೆಷ್ಟು ಎಂದು ಕೇಳದೆಹೋದರೆ, ಹಗ್ಗವನ್ನು ನಾವೇ ಒದಗಿಸಿದಂತಾಗುವುದು.